ರಕ್ತದ ವರದಿ ಜಾತಕವಲ್ಲ

ಕರಾವಳಿಯ ಮನೆಗಳಲ್ಲಿ ಹಿಂದೆ ಮಗು ಹುಟ್ಟಿದೊಡನೆ ಗಳಿಗೆ ನೋಡಿ ಜಾತಕ ಬರೆಸುತ್ತಿದ್ದರು. ಈಗಲೂ ಬರೆಸುವವರಿದ್ದಾರೆ. ಅದನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟು, ಮದುವೆಗೋ ದೊಡ್ಡ ಕಾಯಿಲೆಗೋ ಹೊರತೆಗೆಯುವುದು ರೂಢಿ. ಇತ್ತೀಚಿನ ವರ್ಷಗಳಲ್ಲಿ ಜಾತಕದ ಪಕ್ಕಕ್ಕೆ ಇನ್ನೊಂದು ಕಾಗದ ಬಂದು ಕುಳಿತಿದೆ. ಅದು ರಕ್ತಪರೀಕ್ಷೆಯ ವರದಿ. ಎಡಕ್ಕೆ ಪರೀಕ್ಷೆಯ ಹೆಸರು, ನಡುವೆ ಒಂದು ಅಂಕಿ, ಬಲಕ್ಕೆ ಆ ಅಂಕಿ ಇರಬೇಕಾದ ಮಿತಿ. ಮಿತಿ ಮೀರಿದ್ದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಮನೆಯವರ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ಜಾತಕವನ್ನು ಓದಲು ಜೋಯಿಸರು ಬೇಕು. ವರದಿಯನ್ನು ಮಾತ್ರ ಪ್ರತಿಯೊಬ್ಬರೂ ತಾವೇ ಓದಿಬಿಡುತ್ತಾರೆ.

ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ, ಸುತ್ತಲಿನ ಊರುಗಳ ಕಾಯಿಲೆಯ ದಾರಿಯೇ ಆ ಕಡೆಗೆ ತಿರುಗಿತು. ಕಾರ್ಕಳದಿಂದ ಬೈಲೂರು, ಹಿರಿಯಡ್ಕ, ಪರ್ಕಳ ದಾಟಿ ಬರುವ ಬಸ್ಸಿನಲ್ಲಿ, ಕಾಪುವಿನಿಂದ ಹೆದ್ದಾರಿ ಹಿಡಿದು ಉಡುಪಿಯ ಮೂಲಕ ಏರಿ ಬರುವ ಬಸ್ಸಿನಲ್ಲಿ, ಎದೆಗೆ ಫೈಲು ಅವಚಿಕೊಂಡು ಕುಳಿತವರು ದಿನವೂ ಕಾಣಸಿಗುತ್ತಾರೆ. ಆ ಫೈಲುಗಳಲ್ಲಿ ಹೆಚ್ಚಿನವು ಸಾಮಾನ್ಯ ಕಾಯಿಲೆಯವು. ಕೆಲವು ಮಾತ್ರ ಮನೆಯೊಂದರ ನಿದ್ದೆ ಕೆಡಿಸುವಂಥವು. ಅವುಗಳಲ್ಲಿ ಅತ್ಯಂತ ಕಠಿಣವಾದದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ಫೈಲು.

ಈ ಕಾಯಿಲೆ ಬಂದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಔಷಧದ್ದಲ್ಲ, ಖರ್ಚಿನದ್ದೂ ಅಲ್ಲ. ‘ಇನ್ನೆಷ್ಟು ದಿನ?’ ಎಂಬುದು. ವೈದ್ಯರು ಥಟ್ಟನೆ ಉತ್ತರಿಸುವುದಿಲ್ಲ. ಆಗ ಉತ್ತರವನ್ನು ರಕ್ತದ ಅಂಕಿಗಳಲ್ಲಿ ಹುಡುಕುವ ಆಸೆ ಹುಟ್ಟುತ್ತದೆ. ಆ ಅಂಕಿಗಳು ನಿಜಕ್ಕೂ ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದನ್ನು ಹೆತ್ತವರೂ ಕಾಲೇಜು ಮಕ್ಕಳೂ ತಿಳಿದಿರುವುದು ಒಳ್ಳೆಯದು. ಏಕೆಂದರೆ ಈಗ ಮನೆಯಲ್ಲಿ ವರದಿಯನ್ನು ಮೊದಲು ಓದುವವರು ಮಕ್ಕಳೇ.

ಹೊಟ್ಟೆಯ ಹಿಂದಿನ ಮೌನಿ

ಮೇದೋಜೀರಕ ಗ್ರಂಥಿಯ ಚಿತ್ರ ಹೈಸ್ಕೂಲಿನ ಪಾಠದಲ್ಲಿಯೇ ಬರುತ್ತದೆ. ಜಠರದ ಹಿಂದೆ, ಹೊಟ್ಟೆಯ ಆಳದಲ್ಲಿ, ಬೆನ್ನುಮೂಳೆಯ ಎದುರಿಗೆ ಅಡ್ಡವಾಗಿ ಮಲಗಿರುವ, ಸುಮಾರು 15 ಸೆಂಟಿಮೀಟರ್ ಉದ್ದದ ಅಂಗ ಅದು. ಅದಕ್ಕೆ ಎರಡು ಉದ್ಯೋಗ. ಅನ್ನ, ಬೇಳೆ, ಎಣ್ಣೆ ಮೂರನ್ನೂ ಜೀರ್ಣಿಸುವ ಕಿಣ್ವಗಳನ್ನು ತಯಾರಿಸಿ ಸಣ್ಣ ಕರುಳಿಗೆ ಕಳುಹಿಸುವುದು ಒಂದು. ಇನ್ಸುಲಿನ್ ತಯಾರಿಸಿ ರಕ್ತಕ್ಕೆ ಬಿಡುವುದು ಇನ್ನೊಂದು. ಇಷ್ಟೆಲ್ಲ ಮಾಡಿದರೂ ಅದು ತನ್ನ ಇರವನ್ನು ತೋರಗೊಡುವುದಿಲ್ಲ. ಕೈಯಿಂದ ಒತ್ತಿ ನೋಡಿದರೆ ಸಿಕ್ಕುವುದಿಲ್ಲ. ಅಲ್ಲಿ ಗಡ್ಡೆ ಬೆಳೆದರೂ ಬಹಳ ಕಾಲ ನೋವು ಕಾಣಿಸದು. ಕಂಡರೂ ಗ್ಯಾಸ್ಟ್ರಿಕ್ ಎಂದೋ ಬೆನ್ನುನೋವು ಎಂದೋ ತಿಂಗಳುಗಳು ಕಳೆದುಹೋಗುತ್ತವೆ.

ಗಡ್ಡೆ ಗ್ರಂಥಿಯ ತಲೆಯ ಭಾಗದಲ್ಲಿದ್ದರೆ ಒಂದು ಸೂಚನೆ ಸಿಗುತ್ತದೆ. ಪಿತ್ತನಾಳ ಆ ಭಾಗದ ಮೂಲಕವೇ ಹಾದುಹೋಗುವುದರಿಂದ ಗಡ್ಡೆ ನಾಳವನ್ನು ಒತ್ತಿ ಕಾಮಾಲೆ ಬರುತ್ತದೆ. ಕಣ್ಣು ಹಳದಿ, ಮೂತ್ರ ಗಾಢ, ಮಲ ಬಿಳಿಚು, ಮೈತುಂಬ ತುರಿಕೆ. ಜ್ವರವಿಲ್ಲ, ಹೆಚ್ಚಿನ ನೋವೂ ಇಲ್ಲ. ಕರಾವಳಿಯಲ್ಲಿ ಕಾಮಾಲೆ ಎಂದೊಡನೆ ನೆಲನೆಲ್ಲಿಯ ಮದ್ದಿಗೆ ಓಡುವುದು ವಾಡಿಕೆ. ವೈರಸ್ಸಿನಿಂದ ಬರುವ ಹೆಪಟೈಟಿಸ್ ಎ ಬಗೆಯ ಕಾಮಾಲೆ ಸಾಮಾನ್ಯವಾಗಿ ತಾನಾಗಿಯೇ ಇಳಿಯುವುದರಿಂದ ಮದ್ದಿಗೆ ಹೆಸರು ಬರುತ್ತದೆ. ಆದರೆ ಐವತ್ತು ದಾಟಿದವರಲ್ಲಿ ನೋವಿಲ್ಲದೆ ಬಂದು ದಿನದಿಂದ ದಿನಕ್ಕೆ ಏರುತ್ತಲೇ ಹೋಗುವ ಕಾಮಾಲೆಯ ಜಾತಿಯೇ ಬೇರೆ. ಅದು ಮದ್ದಿಗೆ ಕಾಯುವಂಥದ್ದಲ್ಲ, ಸ್ಕ್ಯಾನಿಂಗ್ ಮಾಡಿಸಬೇಕಾದದ್ದು. ಹಾಗೆಯೇ, ಮನೆತನದಲ್ಲಿ ಯಾರಿಗೂ ಇಲ್ಲದ ಸಕ್ಕರೆ ಕಾಯಿಲೆ ಐವತ್ತರ ಮೇಲೆ ಹಠಾತ್ತನೆ ಕಾಣಿಸಿಕೊಂಡು, ಜತೆಗೆ ತೂಕವೂ ಇಳಿಯುತ್ತ ಹೋದರೆ ವೈದ್ಯರಿಗೆ ಹೇಳಬೇಕು. ಹೊಸದಾಗಿ ಸಕ್ಕರೆ ಕಾಯಿಲೆ ಬಂದ ಈ ವಯಸ್ಸಿನವರಲ್ಲಿ ಮೂರು ವರ್ಷಗಳೊಳಗೆ ಈ ಕ್ಯಾನ್ಸರ್ ಪತ್ತೆಯಾಗುವುದು ನೂರರಲ್ಲಿ ಸುಮಾರು ಒಬ್ಬರಿಗೆ ಮಾತ್ರ. ಉಳಿದವರು ಹೆದರಬೇಕಿಲ್ಲ.

ಕಾಯಿಲೆಯ ಕಾಠಿಣ್ಯವನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಇದು ಹೊಸದಾಗಿ ಪತ್ತೆಯಾದದ್ದು ಸುಮಾರು 5 ಲಕ್ಷ 11 ಸಾವಿರ ಮಂದಿಯಲ್ಲಿ. ಅದೇ ವರ್ಷ ಇದರಿಂದ ತೀರಿಕೊಂಡವರು ಸುಮಾರು 4 ಲಕ್ಷ 67 ಸಾವಿರ. ಎರಡು ಅಂಕಿಗಳ ನಡುವಣ ಅಂತರವೇ ಎಲ್ಲವನ್ನೂ ಹೇಳುತ್ತದೆ. ಪತ್ತೆಯಾಗುವಾಗ ಶಸ್ತ್ರಚಿಕಿತ್ಸೆ ಸಾಧ್ಯವಿರುವುದು ನೂರರಲ್ಲಿ ಹದಿನೈದು ಇಪ್ಪತ್ತು ಮಂದಿಗೆ. ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ ಪರ್ರೀಕರ್ ಇದೇ ಕಾಯಿಲೆಯಿಂದ 2019ರ ಮಾರ್ಚ್ 17ರಂದು ತೀರಿಕೊಂಡದ್ದನ್ನು ಕರಾವಳಿಯವರು ಮರೆತಿಲ್ಲ. ಅವರು ಆಸ್ಪತ್ರೆ ಸೇರಿದ ಸುದ್ದಿ ಬಂದದ್ದು ಅದರ ಹಿಂದಿನ ವರ್ಷದ ಫೆಬ್ರವರಿಯಲ್ಲಿ.

ಇಲಿಯ ಪ್ರತಿಕಾಯ, ಮನುಷ್ಯನ ಸಕ್ಕರೆ

ವರದಿಯಲ್ಲಿ ಮೊದಲು ಕಣ್ಣಿಗೆ ಬೀಳುವ ಹೆಸರು ‘ಸಿಎ 19-9’. ಈ ವಿಚಿತ್ರ ಹೆಸರಿನ ಹಿಂದೆ ಒಂದು ಕಥೆಯಿದೆ. 1975ರಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ಉಪಾಯ ಕಂಡುಹಿಡಿದರು. ಅದಕ್ಕಾಗಿ ಅವರಿಗೆ 1984ರಲ್ಲಿ ನೊಬೆಲ್ ಬಹುಮಾನ ಬಂತು. ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಹಿಲರಿ ಕೊಪ್ರೋವ್‌ಸ್ಕಿಯವರ ತಂಡ ಅದೇ ಉಪಾಯ ಬಳಸಿ, ಮನುಷ್ಯರ ಕರುಳಿನ ಕ್ಯಾನ್ಸರ್ ಕೋಶಗಳನ್ನು ಇಲಿಗಳಿಗೆ ಚುಚ್ಚಿ, ಅವುಗಳಿಂದ ಪ್ರತಿಕಾಯಗಳನ್ನು ಪಡೆಯಿತು. 1979ರಲ್ಲಿ ಆ ಕೆಲಸ ಪ್ರಕಟವಾಯಿತು. ಅವುಗಳಲ್ಲಿ ಒಂದು ಪ್ರತಿಕಾಯದ ಕ್ರಮಸಂಖ್ಯೆಯ ಬಾಲವೇ ಈ 19-9. ಆ ಪ್ರತಿಕಾಯ ಹೋಗಿ ಅಂಟಿಕೊಳ್ಳುತ್ತಿದ್ದದ್ದು ಕೋಶದ ಮೇಲಿನ ಒಂದು ಸಕ್ಕರೆ ಸರಪಣಿಗೆ. ಮೇದೋಜೀರಕದ ಕ್ಯಾನ್ಸರ್ ಇರುವ ಬಹಳಷ್ಟು ಮಂದಿಯ ರಕ್ತದಲ್ಲಿ ಆ ಸರಪಣಿ ಹೆಚ್ಚಾಗಿರುವುದು ಮುಂದೆ ತಿಳಿದುಬಂತು. ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 37 ಯೂನಿಟ್‌ಗಳನ್ನು ಮಿತಿಯೆಂದು ಹಿಡಿಯುತ್ತಾರೆ.

ದೊಡ್ಡ ಗುಂಪುಗಳನ್ನು ನೋಡಿದರೆ ಈ ಅಂಕಿಗೂ ಆಯುಷ್ಯಕ್ಕೂ ಸಂಬಂಧವಿರುವುದು ನಿಜ. ಚಿಕಿತ್ಸೆಗೆ ಮೊದಲು ಅಂಕಿ ಕಡಿಮೆ ಇದ್ದವರು, ಶಸ್ತ್ರಚಿಕಿತ್ಸೆಯ ಬಳಿಕ ಅಂಕಿ ಮಿತಿಯೊಳಕ್ಕೆ ಇಳಿದವರು, ಒಟ್ಟಾರೆಯಾಗಿ ಹೆಚ್ಚು ಕಾಲ ಬದುಕುತ್ತಾರೆ. ಅಂಕಿ 500 ದಾಟಿದರೆ, ಸ್ಕ್ಯಾನಿನಲ್ಲಿ ಕಾಣದ ಕಣಗಳು ಬೇರೆಡೆ ಹರಡಿರಬಹುದೆಂದು ವೈದ್ಯರು ಶಂಕಿಸುತ್ತಾರೆ. ಆಗ ನೇರವಾಗಿ ಕತ್ತರಿ ಹಿಡಿಯುವ ಬದಲು ಮೊದಲು ಕಿಮೋಥೆರಪಿ ಕೊಡುವ ವಿಚಾರ ಬರುತ್ತದೆ.

ಆದರೆ ಈ ಅಂಕಿಗೆ ಎರಡು ದೊಡ್ಡ ಮೋಸಗಳಿವೆ. ಮೊದಲನೆಯದು ಕಾಮಾಲೆ. ಪಿತ್ತನಾಳ ಕಟ್ಟಿಕೊಂಡಾಗ, ಅದು ಕೇವಲ ಕಲ್ಲಿನಿಂದಲೇ ಆಗಿರಲಿ, ಸಿಎ 19-9 ನೂರಾರು ಯೂನಿಟ್ ಏರಬಹುದು. ಕ್ಯಾನ್ಸರ್ ಇದ್ದವರಲ್ಲಿಯೂ ಆ ಏರಿಕೆಯಲ್ಲಿ ಗಡ್ಡೆಯ ಪಾಲೆಷ್ಟು, ಕಾಮಾಲೆಯ ಪಾಲೆಷ್ಟು ಎಂದು ಹೇಳಲು ಬರುವುದಿಲ್ಲ. ಆದ್ದರಿಂದ ಕಾಮಾಲೆ ಇಳಿದ ಮೇಲೆ ಮತ್ತೆ ಅಳೆದ ಅಂಕಿಗೇ ಬೆಲೆ.

ಎರಡನೆಯದು ಹುಟ್ಟಿನಿಂದ ಬಂದದ್ದು. ಈ ಸಕ್ಕರೆ ಸರಪಣಿ ಲೂಯಿಸ್ ಎಂಬ ರಕ್ತಗುಂಪಿಗೆ ಸೇರಿದ್ದು. ಎ, ಬಿ, ಒ ಗುಂಪುಗಳಂತೆ ಇದೂ ಒಂದು. 1946ರಲ್ಲಿ ಆರ್ಥರ್ ಮೌರಂಟ್ ಇದನ್ನು ಗುರುತಿಸಿದರು. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಈ ಸರಪಣಿಯನ್ನು ಹೆಣೆಯುವ ಕಿಣ್ವವೇ ಇರುವುದಿಲ್ಲ. ಅಂಥವರಲ್ಲಿ ಗಡ್ಡೆ ಎಷ್ಟೇ ದೊಡ್ಡದಿದ್ದರೂ ಅಂಕಿ ಸೊನ್ನೆಯ ಆಸುಪಾಸಿನಲ್ಲಿಯೇ ಇರುತ್ತದೆ. ಅಂಥವರ ಮನೆಯವರು ವರದಿ ನೋಡಿ ‘ಎಂತ ತೊಂದರೆ ಇಲ್ಲ’ ಎಂದುಕೊಂಡರೆ ಅದು ಹುಸಿ ನೆಮ್ಮದಿ.

ಅಗ್ಗದ ಪರೀಕ್ಷೆಗಳ ಸಾಕ್ಷ್ಯ

ಸಿಎ 19-9 ವಿಶೇಷ ಪರೀಕ್ಷೆ. ಆದರೆ ಮುನ್ಸೂಚನೆ ಕೊಡುವ ಅಂಕಿಗಳಲ್ಲಿ ಕೆಲವು ತಾಲೂಕು ಆಸ್ಪತ್ರೆಯಲ್ಲಿಯೂ ಸಿಗುವ ಸಾಮಾನ್ಯ ಪರೀಕ್ಷೆಗಳಲ್ಲಿಯೇ ಅಡಗಿವೆ. 1863ರಷ್ಟು ಹಿಂದೆಯೇ ಜರ್ಮನಿಯ ರುಡಾಲ್ಫ್ ವಿರ್ಖೋ ಗಡ್ಡೆಗಳಲ್ಲಿ ಬಿಳಿ ರಕ್ತಕಣಗಳು ಸೇರಿಕೊಂಡಿರುವುದನ್ನು ಕಂಡು, ಕ್ಯಾನ್ಸರಿಗೂ ಉರಿಯೂತಕ್ಕೂ ನಂಟಿರಬೇಕೆಂದು ಸೂಚಿಸಿದ್ದರು. ಮೈಯಲ್ಲಿ ಆ ಉರಿಯೂತ ಎಷ್ಟರ ಮಟ್ಟಿಗಿದೆ ಎಂಬುದನ್ನೇ ಈ ಅಂಕಿಗಳು ಅಳೆಯುತ್ತವೆ.

ಬಿಳಿ ರಕ್ತಕಣಗಳ ಎಣಿಕೆಯನ್ನು ತೆಗೆದುಕೊಳ್ಳಿ. ಅವುಗಳಲ್ಲಿ ನ್ಯೂಟ್ರೋಫಿಲ್‌ಗಳು ಗಾಯ, ಸೋಂಕುಗಳ ಸ್ಥಳಕ್ಕೆ ಮೊದಲು ಓಡಿ ಬರುವಂಥವು. ಲಿಂಫೋಸೈಟ್‌ಗಳು ಶತ್ರುವನ್ನು ಗುರುತಿಟ್ಟು ಹೋರಾಡುವಂಥವು. ವರದಿಯಲ್ಲಿ ನ್ಯೂಟ್ರೋಫಿಲ್ 75 ಶೇಕಡ, ಲಿಂಫೋಸೈಟ್ 15 ಶೇಕಡ ಎಂದಿದ್ದರೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಬರುವ 5 ಎಂಬುದೇ ಅವುಗಳ ಅನುಪಾತ. ಐದನೆಯ ತರಗತಿಯ ಭಾಗಾಕಾರ ಸಾಕು. ಮೇದೋಜೀರಕದ ಕ್ಯಾನ್ಸರ್ ಇರುವವರಲ್ಲಿ ಈ ಅನುಪಾತ ಹೆಚ್ಚಿದ್ದರೆ ಒಟ್ಟಾರೆ ಬದುಕುಳಿಯುವ ಕಾಲ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ‘ಹೆಚ್ಚು’ ಎಂಬುದಕ್ಕೆ ಕೆಲವರು 3ನ್ನು, ಕೆಲವರು 5ನ್ನು ಗೆರೆಯಾಗಿ ಎಳೆಯುತ್ತಾರೆ. ಗೆರೆಯೇ ಒಂದೇ ಕಡೆ ನಿಲ್ಲದಿರುವಾಗ 2.9 ಬಂದವರು ಹಿಗ್ಗುವುದೂ 3.1 ಬಂದವರು ಕುಗ್ಗುವುದೂ ಅರ್ಥಹೀನ.

ಇನ್ನೆರಡು ಅಂಕಿಗಳು ಸಿ-ರಿಯಾಕ್ಟಿವ್ ಪ್ರೋಟೀನ್ ಅಂದರೆ ಸಿಆರ್‌ಪಿ, ಮತ್ತು ಆಲ್ಬುಮಿನ್. ಎರಡನ್ನೂ ತಯಾರಿಸುವುದು ಯಕೃತ್ತು. ಉರಿಯೂತವಿದ್ದಾಗ ಯಕೃತ್ತು ಸಿಆರ್‌ಪಿಯನ್ನು ಹೆಚ್ಚಾಗಿ, ಆಲ್ಬುಮಿನನ್ನು ಕಡಿಮೆಯಾಗಿ ತಯಾರಿಸುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋದ ವೈದ್ಯರು 2003ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗಾಗಿ ಈ ಎರಡನ್ನೂ ಸೇರಿಸಿ ಒಂದು ಅಂಕಪಟ್ಟಿ ಮಾಡಿದರು. ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ಮೀರಿದರೆ ಒಂದು ಅಂಕ. ಆಲ್ಬುಮಿನ್ 100 ಮಿಲಿಲೀಟರಿಗೆ 3.5 ಗ್ರಾಂಗಿಂತ ಇಳಿದರೆ ಇನ್ನೊಂದು ಅಂಕ. ಶಾಲೆಯಲ್ಲಿ ಅಂಕ ಹೆಚ್ಚಾದರೆ ಸಂತೋಷ. ಇಲ್ಲಿ ಅಂಕ ಹೆಚ್ಚಾದಷ್ಟೂ ಚಿಂತೆ. ಮುಂದೆ ಮೇದೋಜೀರಕವೂ ಸೇರಿದಂತೆ ಹಲವು ಕ್ಯಾನ್ಸರುಗಳಲ್ಲಿ ಇದನ್ನು ಪರೀಕ್ಷಿಸಿ ನೋಡಲಾಯಿತು.

ಇಲ್ಲಿಯೂ ಮೋಸವಿದೆ. ಉರಿಯೂತ ಕ್ಯಾನ್ಸರಿನಿಂದಲೇ ಬರಬೇಕೆಂದಿಲ್ಲ. ಮಳೆಗಾಲದಲ್ಲಿ ಗದ್ದೆಗಿಳಿದು ಇಲಿಜ್ವರ ಹಿಡಿಸಿಕೊಂಡವರಲ್ಲಿಯೂ ನ್ಯೂಟ್ರೋಫಿಲ್ ಏರುತ್ತದೆ, ಸಿಆರ್‌ಪಿ ಏರುತ್ತದೆ. ಪಿತ್ತನಾಳದ ಸೋಂಕು, ನ್ಯುಮೋನಿಯ, ಸ್ಟೀರಾಯ್ಡ್ ಔಷಧ ಇವೆಲ್ಲ ಅಂಕಿಯನ್ನು ಅಲ್ಲಾಡಿಸುತ್ತವೆ. ರಕ್ತ ಕೊಟ್ಟ ದಿನ ಜ್ವರವಿತ್ತೇ ಎಂಬ ಸಣ್ಣ ವಿಷಯ ತಿಳಿಯದೆ ಆ ಅಂಕಿಯಿಂದ ಆಯುಷ್ಯವನ್ನು ಲೆಕ್ಕ ಹಾಕಲಾಗದು.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಆಲ್ಬುಮಿನ್ ಕಡಿಮೆಯೆಂದರೆ ಆಯುಷ್ಯ ಕಡಿಮೆ, ಆದ್ದರಿಂದ ಆಲ್ಬುಮಿನ್ ಬಾಟಲಿ ಏರಿಸಿದರೆ ಆಯುಷ್ಯ ಹೆಚ್ಚೀತು ಎಂಬ ತರ್ಕ. ಸಾಲ ಮಾಡಿಯಾದರೂ ಬಾಟಲಿ ತರಿಸಲು ಸಿದ್ಧರಾಗುವ ಮನೆಗಳಿವೆ. ವಾಯುಭಾರ ಮಾಪಕದ ಮುಳ್ಳನ್ನು ಬೆರಳಿನಿಂದ ತಿರುಗಿಸಿದರೆ ಮಳೆ ನಿಲ್ಲುವುದಿಲ್ಲ. ಮುಳ್ಳು ಮಳೆಯನ್ನು ತೋರಿಸುತ್ತದೆಯೇ ಹೊರತು ತರಿಸುವುದಿಲ್ಲ. ಸೂಚಕ ಬೇರೆ, ಕಾರಣ ಬೇರೆ ಎಂಬುದು ವಿಜ್ಞಾನದ ವಿದ್ಯಾರ್ಥಿಗಳು ಎಂದೂ ಮರೆಯಬಾರದ ಪಾಠ.

ನಡುವಿನ ಅಂಕಿಯ ಆಚೆ

ಕಾರ್ಕಳ ಕಡೆಯ ಒಂದು ಮನೆ ಎಂದಿಟ್ಟುಕೊಳ್ಳಿ. ತಂದೆಗೆ 58 ವರ್ಷ. ಮಗಳು ದ್ವಿತೀಯ ಪಿಯುಸಿ ವಿಜ್ಞಾನ. ತಂದೆಗೆ ಕಾಮಾಲೆಯಾಗಿ, ಸ್ಕ್ಯಾನಿನಲ್ಲಿ ಗಡ್ಡೆ ಕಂಡಿದೆ. ವರದಿಯಲ್ಲಿ ಸಿಎ 19-9 ಎದುರಿಗೆ 820 ಎಂದಿದೆ. ‘ಎಂತ ಉಂಟು ಮಗಾ ಅದರಲ್ಲಿ?’ ಎಂದು ತಂದೆ ಕೇಳುತ್ತಾರೆ. ‘ಎಂತ ಇಲ್ಲ ಅಪ್ಪ, ನಾಳೆ ಡಾಕ್ಟ್ರು ನೋಡಿ ಹೇಳ್ತಾರಂತೆ’ ಎನ್ನುತ್ತಾಳೆ ಮಗಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ಹುಡುಕುತ್ತಾಳೆ. ಹರಡಿದ ಕಾಯಿಲೆಯಲ್ಲಿ ಬದುಕುಳಿಯುವ ಮಧ್ಯಾಂಕ 11 ತಿಂಗಳು ಎಂದು ಎಲ್ಲೋ ಬರೆದಿದೆ. ಬೆರಳು ಮಡಚಿ ಎಣಿಸುತ್ತಾಳೆ. ತನ್ನ ಪರೀಕ್ಷೆ, ಮುಂದಿನ ಕಾಲೇಜಿನ ಶುಲ್ಕ, ತಮ್ಮನ ಎಸ್ಸೆಸ್ಸೆಲ್ಸಿ ಎಲ್ಲವೂ ಆ 11ರ ಎದುರಿಗೆ ನಿಲ್ಲುತ್ತವೆ. ಬೆಳಿಗ್ಗೆ ಎದ್ದು ಅಮ್ಮನಿಗೆ, ‘ನಾನು ಇನ್ನು ಕಾಲೇಜಿಗೆ ಹೋಗುವುದಿಲ್ಲ’ ಎನ್ನುತ್ತಾಳೆ. ಚಿಕ್ಕಪ್ಪ ಹೇಳುತ್ತಾರೆ, ‘ಇಷ್ಟೇ ದಿನ ಇರುವುದಾದರೆ ಸುಮ್ಮನೆ ಯಾಕೆ ದುಡ್ಡು ಹಾಕುವುದು ಅತ್ತಿಗೆ?’

ಈ ಮನೆಯಲ್ಲಿ ಎರಡು ತೀರ್ಮಾನಗಳು ಒಂದು ಅಂಕಿಯ ಮೇಲೆ ನಿಂತಿವೆ. ಆದರೆ ಆ ಅಂಕಿ ಈ ತಂದೆಯದ್ದೇ ಅಲ್ಲ. ಮೊದಲನೆಯದಾಗಿ, ಕಾಯಿಲೆ ಬೇರೆಡೆ ಹರಡಿದೆಯೇ ಎಂಬುದು ಇನ್ನೂ ಗೊತ್ತಾಗಿಲ್ಲ. ಎರಡನೆಯದಾಗಿ, 820 ಅಳೆದದ್ದು ಕಾಮಾಲೆ ಏರಿದ್ದ ದಿನ. ಪಿತ್ತನಾಳಕ್ಕೆ ಸ್ಟೆಂಟ್ ಹಾಕಿ, ಕೆಲವು ವಾರಗಳ ಮೇಲೆ ಅಳೆದರೆ ಅದು 190 ಆಗಬಹುದು, 800ರಲ್ಲಿಯೇ ನಿಲ್ಲಲೂಬಹುದು. ಎರಡಕ್ಕೂ ಮುಂದಿನ ದಾರಿ ಬೇರೆ ಬೇರೆ. ಮೂರನೆಯದಾಗಿ, ಮಧ್ಯಾಂಕವೆಂದರೇನು ಎಂಬುದನ್ನು ಆ ಹುಡುಗಿ ಹತ್ತನೆಯ ತರಗತಿಯಲ್ಲಿಯೇ ಕಲಿತಿದ್ದಾಳೆ. ದುಃಖದಲ್ಲಿ ಅದು ನೆನಪಾಗಲಿಲ್ಲ.

ತರಗತಿಯ ಲೆಕ್ಕದಂತೆಯೇ ಹನ್ನೊಂದು ರೋಗಿಗಳು ಬದುಕಿದ ತಿಂಗಳುಗಳನ್ನು ಸಾಲಾಗಿ ಬರೆಯಿರಿ: 2, 3, 4, 6, 8, 9, 11, 14, 20, 38, 70. ನಡುವಿನದು ಆರನೆಯ ಅಂಕಿ, 9. ಇದೇ ಮಧ್ಯಾಂಕ. ಹನ್ನೊಂದರಲ್ಲಿ 9 ತಿಂಗಳು ಬದುಕಿದವರು ಒಬ್ಬರೇ. ಐವರು ಅದಕ್ಕಿಂತ ಕಡಿಮೆ, ಐವರು ಹೆಚ್ಚು. ಕಡಿಮೆಯ ಕಡೆಗೆ ಸೊನ್ನೆಯ ಗೋಡೆಯಿದೆ, ಅದರಾಚೆ ಹೋಗುವಂತಿಲ್ಲ. ಹೆಚ್ಚಿನ ಕಡೆಗೆ ಗೋಡೆಯಿಲ್ಲ. ಬಾಲ ಉದ್ದಕ್ಕೆ ಚಾಚಿಕೊಂಡಿದೆ. ಇದು ಪಾಠಕ್ಕಾಗಿ ಮಾಡಿದ ಲೆಕ್ಕ. ನಿಜವಾದ ಅಧ್ಯಯನಗಳ ಗ್ರಾಫ್ ಸಹ ಹೆಚ್ಚುಕಡಿಮೆ ಇದೇ ಆಕಾರದ್ದು.

ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರ ಜುಲೈಯಲ್ಲಿ ಹೊಟ್ಟೆಯ ಪೊರೆಯ ಒಂದು ಅಪರೂಪದ ಕ್ಯಾನ್ಸರ್ ಪತ್ತೆಯಾಯಿತು. ಗ್ರಂಥಾಲಯದಲ್ಲಿ ಕುಳಿತು ಓದಿದಾಗ ಮಧ್ಯಾಂಕ ಎಂಟು ತಿಂಗಳೆಂದು ತಿಳಿಯಿತು. ಮೊದಲು ಅವರೂ ದಿಗ್ಭ್ರಮೆಗೊಂಡರು. ಅನಂತರ, ‘ಅರ್ಧದಷ್ಟು ಮಂದಿ ಎಂಟು ತಿಂಗಳಿಗಿಂತ ಹೆಚ್ಚು ಬದುಕುತ್ತಾರಲ್ಲ, ಅವರಲ್ಲಿ ಸೇರಲು ನನಗೆ ಯಾವ ಅನುಕೂಲಗಳಿವೆ?’ ಎಂಬ ಧಾಟಿಯಲ್ಲಿ ಯೋಚಿಸಿದರು. 1985ರಲ್ಲಿ ಈ ಅನುಭವವನ್ನು ಪ್ರಬಂಧವಾಗಿ ಬರೆದರು. ಮುಂದೆ 20 ವರ್ಷ ಬದುಕಿ, 2002ರಲ್ಲಿ ಇನ್ನೊಂದು ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಕಾಯಿಲೆ ಬೇರೆ. ಲೆಕ್ಕದ ಪಾಠ ಒಂದೇ.

ಮೇದೋಜೀರಕದ ಕ್ಯಾನ್ಸರಿನ ಉದಾಹರಣೆಯೇ ಬೇಕೆಂದರೆ ರಾಲ್ಫ್ ಸ್ಟೈನ್‌ಮನ್ ಇದ್ದಾರೆ. ರೋಗನಿರೋಧಕ ವ್ಯವಸ್ಥೆಯ ಡೆಂಡ್ರೈಟಿಕ್ ಕೋಶಗಳನ್ನು 1973ರಲ್ಲಿ ಗುರುತಿಸಿದವರು. 2007ರಲ್ಲಿ ಅವರಿಗೆ ಈ ಕ್ಯಾನ್ಸರ್ ಪತ್ತೆಯಾಯಿತು. ವಾಡಿಕೆಯ ಚಿಕಿತ್ಸೆಯ ಜತೆಗೆ ತಮ್ಮದೇ ಸಂಶೋಧನೆಯ ದಾರಿಯ ಪ್ರಯೋಗಗಳಿಗೂ ಒಳಗಾಗಿ ನಾಲ್ಕು ವರ್ಷಕ್ಕೂ ಹೆಚ್ಚು ಬದುಕಿದರು. 2011ರ ಸೆಪ್ಟೆಂಬರ್ 30ರಂದು ತೀರಿಕೊಂಡರು. ಅಕ್ಟೋಬರ್ 3ರಂದು ಅವರಿಗೆ ನೊಬೆಲ್ ಘೋಷಣೆಯಾಯಿತು. ಘೋಷಿಸಿದವರಿಗೆ ಅವರ ಸಾವಿನ ಸುದ್ದಿ ತಿಳಿದಿರಲಿಲ್ಲ. ಬಹುಮಾನವನ್ನು ಹಾಗೆಯೇ ಉಳಿಸಲಾಯಿತು. ಆ ಪ್ರಯೋಗಗಳೇ ಅವರನ್ನು ಉಳಿಸಿದವೆಂದು ಹೇಳಲಾಗದು. ಒಬ್ಬ ವ್ಯಕ್ತಿಯಿಂದ ಸಿದ್ಧಾಂತ ಮಾಡುವುದೂ ಒಂದು ಸರಾಸರಿಯಿಂದ ಒಬ್ಬ ವ್ಯಕ್ತಿಯ ಹಣೆಬರಹ ಬರೆಯುವುದೂ ಸಮಾನ ತಪ್ಪು.

ಮಧ್ಯಾಂಕವೂ ಕಲ್ಲಿನಲ್ಲಿ ಕೊರೆದದ್ದಲ್ಲ. 2011ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ, ಹರಡಿದ ಕಾಯಿಲೆಗೆ ಹಳೆಯ ಒಂದೇ ಔಷಧ ಪಡೆದವರ ಮಧ್ಯಾಂಕ 6.8 ತಿಂಗಳಿದ್ದರೆ, ‘ಫಾಲ್ಫಿರಿನಾಕ್ಸ್’ ಎಂಬ ಔಷಧಗಳ ಕೂಟ ಪಡೆದವರದ್ದು 11.1 ತಿಂಗಳು. ಮಗಳು ಮೊಬೈಲಿನಲ್ಲಿ ಕಂಡದ್ದು ಈ ಬಗೆಯ ಅಂಕಿ. 2018ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಗಡ್ಡೆ ತೆಗೆದ ಬಳಿಕ ಹಳೆಯ ಔಷಧ ಪಡೆದವರದ್ದು 35 ತಿಂಗಳು, ಅದೇ ಕೂಟದ ತುಸು ಬದಲಾದ ರೂಪ ಪಡೆದವರದ್ದು 54 ತಿಂಗಳು. ಈ ಚಿಕಿತ್ಸೆ ಎಲ್ಲರಿಗೂ ತಾಳುವಂಥದ್ದಲ್ಲ. ಮೈಯಲ್ಲಿ ಶಕ್ತಿಯಿದ್ದವರಿಗೆ ಮಾತ್ರ. ಅಮೆರಿಕದಲ್ಲಿ ಈ ಕಾಯಿಲೆ ಬಂದವರಲ್ಲಿ ಐದು ವರ್ಷ ಬದುಕುಳಿಯುವವರು 1970ರ ದಶಕದಲ್ಲಿ ನೂರರಲ್ಲಿ ಸುಮಾರು ಮೂವರಿದ್ದರೆ, 2024ರ ವರದಿಯ ವೇಳೆಗೆ ಹದಿಮೂವರಾಗಿದ್ದರು. ಏರಿಕೆ ಸಣ್ಣದೇ, ಆದರೆ ಏರಿಕೆಯೇ.

ಆರೋಗ್ಯವಂತರಿಗೆ ಈ ಪರೀಕ್ಷೆ ಬೇಕೇ?

ಇಷ್ಟು ಓದಿದ ಮೇಲೆ ಮನೆಯ ಹಿರಿಯರೆಲ್ಲರಿಗೂ ಒಮ್ಮೆ ಸಿಎ 19-9 ಮಾಡಿಸಿಬಿಡೋಣ ಎಂದು ಕೆಲವರಿಗೆ ಅನ್ನಿಸಬಹುದು. ‘ಪೂರ್ಣ ದೇಹ ತಪಾಸಣೆ’ಯ ಪ್ಯಾಕೇಜುಗಳಲ್ಲಿ ಇಂಥ ಪರೀಕ್ಷೆಗಳನ್ನು ಸೇರಿಸಿ ಮಾರುವುದೂ ಉಂಟು. ಒಂದು ಊಹೆಯ ಲೆಕ್ಕ ಮಾಡಿ ನೋಡಿ. ಯಾವ ತೊಂದರೆಯೂ ಇಲ್ಲದ ಒಂದು ಲಕ್ಷ ಹಿರಿಯರಲ್ಲಿ 20 ಮಂದಿಗೆ ಈ ಕ್ಯಾನ್ಸರ್ ಅಡಗಿದೆ ಎಂದುಕೊಳ್ಳಿ. ಪರೀಕ್ಷೆ ಕಾಯಿಲೆ ಇರುವ ನೂರರಲ್ಲಿ 80 ಮಂದಿಯನ್ನು ಹಿಡಿಯುತ್ತದೆ, ಕಾಯಿಲೆ ಇಲ್ಲದ ನೂರರಲ್ಲಿ 10 ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ ಎಂದೂ ಇಟ್ಟುಕೊಳ್ಳಿ. ಆಗ ನಿಜವಾಗಿ ಸಿಕ್ಕಿಬೀಳುವವರು 16 ಮಂದಿ. ಸುಳ್ಳು ಗಾಬರಿಗೆ ಒಳಗಾಗುವವರು 9,998 ಮಂದಿ! ಅವರೆಲ್ಲರಿಗೂ ಸ್ಕ್ಯಾನ್, ಓಡಾಟ, ದೇವರಿಗೆ ಹರಕೆ. ಪರೀಕ್ಷೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಅಪರೂಪದ ಕಾಯಿಲೆಯನ್ನು ಜನಜಂಗುಳಿಯಲ್ಲಿ ಹುಡುಕಲು ಅದು ತಕ್ಕ ಬಲೆಯಲ್ಲ. ಆದ್ದರಿಂದಲೇ ಆರೋಗ್ಯವಂತರ ತಪಾಸಣೆಗೆ ಸಿಎ 19-9 ಅನ್ನು ತಜ್ಞರು ಶಿಫಾರಸು ಮಾಡುವುದಿಲ್ಲ. ಅದರ ಬದಲು ಬೀಡಿ ಸಿಗರೇಟು ಬಿಡುವುದು ಮೇಲು. ಈ ಕ್ಯಾನ್ಸರಿಗೆ ಖಚಿತವಾಗಿ ತಿಳಿದಿರುವ, ಮನುಷ್ಯನ ಕೈಯಲ್ಲಿಯೇ ಇರುವ ಕಾರಣಗಳಲ್ಲಿ ತಂಬಾಕಿನ ಹೊಗೆ ಮುಖ್ಯವಾದದ್ದು.

ಅಂಕಿಯ ನಿಜವಾದ ಕೆಲಸ

ಹಾಗಾದರೆ ಈ ಅಂಕಿಗಳು ಏತಕ್ಕೆ? ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಅದು ದೋಣಿಯವರಿಗೆ ದಡ ಎಲ್ಲಿದೆ, ಬಂಡೆ ಎಲ್ಲಿದೆ ಎಂದು ತೋರಿಸುತ್ತದೆ. ಯಾವ ದೋಣಿ ಎಷ್ಟು ಹೊತ್ತಿಗೆ ಮನೆ ಸೇರುತ್ತದೆ ಎಂದು ಅದು ಹೇಳುವುದಿಲ್ಲ. ಅದನ್ನು ಯಾರೂ ಕೇಳುವುದೂ ಇಲ್ಲ. ರಕ್ತದ ಅಂಕಿಗಳನ್ನು ವೈದ್ಯರು ಬಳಸುವುದು ಹೀಗೆ, ದಾರಿ ಆರಿಸಲು. ಮೊದಲು ಶಸ್ತ್ರಚಿಕಿತ್ಸೆಯೋ ಕಿಮೋಥೆರಪಿಯೋ, ರೋಗಿ ಬಲವಾದ ಔಷಧವನ್ನು ತಾಳಬಲ್ಲರೇ, ಕೊಡುತ್ತಿರುವ ಔಷಧ ನಾಟುತ್ತಿದೆಯೇ, ಮೊದಲು ಸೋಂಕನ್ನು ಹತೋಟಿಗೆ ತರಬೇಕೇ ಎಂಬ ಪ್ರಶ್ನೆಗಳಿಗೆ ಅವು ಬೇಕು. ಒಂದು ದಿನದ ಅಂಕಿಗಿಂತ ಎರಡು ಮೂರು ತಿಂಗಳ ಅಂಕಿಗಳ ಏರಿಳಿತಕ್ಕೆ ಹೆಚ್ಚಿನ ಅರ್ಥ.

ಅಂಕಿ ಎಷ್ಟೇ ಕೆಟ್ಟದಿದ್ದರೂ ಮಾಡಬಹುದಾದ ಕೆಲಸ ಬಹಳ ಉಳಿದಿರುತ್ತದೆ. ಕಾಮಾಲೆಗೆ ಸ್ಟೆಂಟ್ ಹಾಕಿದರೆ ತುರಿಕೆ ಇಳಿದು ನಿದ್ದೆ ಬರುತ್ತದೆ. ಗ್ರಂಥಿ ಕಿಣ್ವ ಕೊಡದಿದ್ದರೆ ಊಟದ ಜತೆಗೆ ಕಿಣ್ವದ ಮಾತ್ರೆ ಕೊಡಬಹುದು. ಎಣ್ಣೆಯಂತೆ ತೇಲುವ ಮಲ, ಇಳಿಯುವ ತೂಕ ಎರಡಕ್ಕೂ ಅದು ಉಪಶಮನ. ಸಕ್ಕರೆಯನ್ನು ಹತೋಟಿಯಲ್ಲಿಡಬಹುದು. ನೋವಿಗೆ ಇಂದು ಒಳ್ಳೆಯ ಔಷಧಗಳಿವೆ. ನೋವು ಶಮನದ ಚಿಕಿತ್ಸೆಯೆಂದರೆ ಕೈಬಿಟ್ಟರೆಂದು ಅರ್ಥವಲ್ಲ. ಅದನ್ನು ಮೊದಲ ದಿನದಿಂದಲೇ ಕೇಳಿ ಪಡೆಯಬಹುದು.

ಹೇಳಬೇಕೇ ಬೇಡವೇ ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ರೋಗಿಯಿಂದ ಮುಚ್ಚಿಡುತ್ತಾರೆ, ಮಕ್ಕಳಿಂದ ಮುಚ್ಚಿಡುತ್ತಾರೆ. ರೋಗಿ ತನಗೆ ಗೊತ್ತಿದ್ದರೂ ಗೊತ್ತಿಲ್ಲದಂತೆ ನಟಿಸುತ್ತಾನೆ. ಮಕ್ಕಳು ಮೊಬೈಲಿನಲ್ಲಿ ಎಲ್ಲವನ್ನೂ ಅರ್ಧಂಬರ್ಧ ಓದಿಕೊಂಡು ಒಬ್ಬರೇ ಹೊರುತ್ತಾರೆ. ಹದಿನೇಳರ ಮಗಳಿಗೆ ವರದಿಯನ್ನು ಬಿಡಿಸಿ ಹೇಳಲು ಬರುತ್ತದೆಂದ ಮೇಲೆ ಅವಳನ್ನು ವೈದ್ಯರ ಕೋಣೆಗೂ ಕರೆದೊಯ್ಯುವುದು ನ್ಯಾಯ. ಅಲ್ಲಿ ‘ಎಷ್ಟು ದಿನ?’ ಎಂಬುದರ ಬದಲು ಇತರ ಪ್ರಶ್ನೆಗಳನ್ನು ಬರೆದುಕೊಂಡು ಹೋಗಲಿ. ಕಾಯಿಲೆ ಯಾವ ಹಂತದಲ್ಲಿದೆ? ಈ ಅಂಕಿ ಕಾಮಾಲೆಯಿಂದ ಏರಿದ್ದೇ? ಮತ್ತೆ ಯಾವಾಗ ಅಳೆಯಬೇಕು? ಈ ಚಿಕಿತ್ಸೆಯಿಂದ ಅಪ್ಪನಿಗೆ ಯಾವುದು ಸುಲಭವಾಗುತ್ತದೆ, ಯಾವುದು ಕಷ್ಟವಾಗುತ್ತದೆ? ಆಯುಷ್ಮಾನ್ ಯೋಜನೆಯಲ್ಲಿ ಎಷ್ಟರ ಮಟ್ಟಿಗೆ ಸಿಗುತ್ತದೆ? ಕಾಲೇಜನ್ನು ಬಿಡಬೇಕಾದ ಅಗತ್ಯ ಈ ಯಾವ ಉತ್ತರದಲ್ಲೂ ಬರಲಿಕ್ಕಿಲ್ಲ.

ಮನೆಯಲ್ಲಿ ಒಂದು ನೋಟುಪುಸ್ತಕ ಇಟ್ಟು, ತಾರೀಕಿನ ಪ್ರಕಾರ ಅಂಕಿಗಳನ್ನು ಬರೆಯುತ್ತ ಹೋಗುವುದು ಒಳ್ಳೆಯದು. ಪಕ್ಕದಲ್ಲಿ ಆ ದಿನ ಜ್ವರವಿತ್ತೇ, ಕಣ್ಣು ಹಳದಿಯಿತ್ತೇ, ತೂಕ ಎಷ್ಟು ಎಂದೂ ಗುರುತಿಸಬೇಕು. ಇನ್ನೊಂದು ಸಾಲು ಯಾವ ಪ್ರಯೋಗಾಲಯವೂ ತುಂಬಲಾರದ್ದು: ಈ ವಾರ ಅವರು ಎಷ್ಟು ಉಂಡರು, ಅಂಗಳದಲ್ಲಿ ಎಷ್ಟು ದೂರ ನಡೆದರು, ಹಗಲಿನಲ್ಲಿ ಎಷ್ಟು ಹೊತ್ತು ಮಲಗಿದ್ದರು, ತಮ್ಮ ಕೆಲಸ ತಾವೇ ಮಾಡಿಕೊಂಡರೇ. ಚಿಕಿತ್ಸೆ ಎಷ್ಟು ಬಲವಾಗಿರಬೇಕೆಂದು ನಿಶ್ಚಯಿಸುವಾಗ ಕ್ಯಾನ್ಸರ್ ತಜ್ಞರು ರಕ್ತದ ಯಾವುದೇ ಅಂಕಿಯಷ್ಟೇ ಮಹತ್ವವನ್ನು ಈ ಸಾಲಿಗೂ ಕೊಡುತ್ತಾರೆ. ಅದನ್ನು ನೋಡಿ ಬರೆಯಬಲ್ಲವರು ಜತೆಯಲ್ಲಿ ಕುಳಿತು ಉಣ್ಣುವ ಮನೆಯವರು ಮಾತ್ರ.